ದೇವಸುಖ ನೇಗಿ ಮರ ಇಳಿದದ್ದು

ಸತ್ಲಜ್ ನದಿಯ ಮೇಲಿನ ಒಣ ಇಳಿಜಾರಿನಲ್ಲಿ, ಹುಲ್ಲು ಕೂಡ ಹಿಂದೆಮುಂದೆ ನೋಡಿ ಹುಟ್ಟುವ ಕಡೆ, ಚಿಲ್ಗೋಜಾ ಎಂಬ ಪೈನ್ ಮರಗಳು ಬಂಡೆ ಸೀಳಿ ನಿಂತಿವೆ. ತೊಗಟೆ ಚಕ್ಕೆಚಕ್ಕೆಯಾಗಿ ಉದುರಿದಲ್ಲಿ ಬೆಳ್ಳಿಯ ಮೈ. ದೇವಸುಖ ನೇಗಿ ಐವತ್ತೈದು ವರ್ಷ ಅವನ್ನು ಹತ್ತಿದವನು. ಅವನು ಕೆಡವಿದ ಕಾಯಿಯ ಬೀಜ ಪೋಣಿಸಿದ ಮಾಲೆ ಬೀಳದ ಮದುಮಗನ ಕೊರಳು ಆ ಊರಿನಲ್ಲಿಲ್ಲ.

ಅವನಿಗೆ ಎಪ್ಪತ್ತು ತುಂಬಿದ ವರ್ಷ ಊರಿನ ಪಂಚಾಯಿತಿ ಅಧ್ಯಕ್ಷೆ ಯಾಂಗ್ಚೆನ್ ಸಭೆಯಲ್ಲೇ ಹೇಳಿದಳು: "ಅಜ್ಜಾ, ಈ ಸಲ ಹತ್ತಿ. ಆದ್ರೆ ಇಳಿಯೋಕೆ ಯಾರಾದ್ರೂ ಹಿಡ್ಕೋಬೇಕಾಯ್ತು ಅಂದ್ರೆ, ಮುಂದಿನ ವರ್ಷದಿಂದ ಹೆಂಗಸರ ಜೊತೆ ಕೆಳಗೆ ಕೂತು ಕಾಯಿ ಬಡಿದು ಬೀಜ ಬಿಡಿಸೋದು."

"ನಿಮ್ಮಪ್ಪನಿಗೆ ಮರ ಹತ್ತೋದು ಕಲಿಸಿದ್ದು ನಾನು ಕಣಮ್ಮಾ."

"ಅದಕ್ಕೇ ಅವ್ರು ಎರಡು ಸಲ ಬಿದ್ದಿದ್ದು."

ಸೆಪ್ಟೆಂಬರಿನ ಬಿಸಿಲು. ಮಧ್ಯಾಹ್ನದವರೆಗೆ ದೇವಸುಖ ಕೊಕ್ಕೆ ಕೋಲಿನಿಂದ ಹಸಿರು ಕಾಯಿಗಳನ್ನು ಸರಸರನೆ ಕೆಡವಿದ. ಉಳಿದವರೆಲ್ಲ ಊಟಕ್ಕೆ ಇಳಿದರು. ಇವನಿಗೋ ಜಂಭ. ಎತ್ತರದ ಕವಲಿನಲ್ಲಿ ಕೂತು, ಎಲ್ಲರಿಗೂ ಕಾಣುವಂತೆ ಕಾಲಾಡಿಸುತ್ತ ರೊಟ್ಟಿ ತಿಂದ. ಹೋದ ವರ್ಷ ಕೊಂಬೆ ಮುರಿದ ಗಾಯದಿಂದ ಅಲ್ಲಿ ಅಂಟು ಒಸರುತ್ತಿತ್ತು. ಹಿಮ್ಮಡಿ ಒಡೆದಾಗ ಅವನೇ ಹಚ್ಚಿಕೊಳ್ಳುವ ಅಂಟು. ಅದರ ಗುಣ ಅವನಿಗೆ ಗೊತ್ತಿಲ್ಲದ್ದೇನಲ್ಲ. ದಪ್ಪ ಉಣ್ಣೆಯ ಪೈಜಾಮ ಅದನ್ನು ಮನಸಾರೆ ಹೀರಿಕೊಂಡಿತು. ಏಳಲು ಹೋದರೆ ಮರ ಬಿಡಲಿಲ್ಲ.

ಕೆಳಗಿನಿಂದ ಹೆಂಡತಿ ಹುಕುಂ ದಾಸಿ ಕೂಗಿದಳು: "ಏನ್ರೀ, ಇಳೀತೀರೋ, ಅಲ್ಲೇ ಗೂಡು ಕಟ್ತೀರೋ?"

"ನೋಟ ಚೆನ್ನಾಗಿದೆ ಕಣೇ."

"ಐವತ್ತೈದು ವರ್ಷದಿಂದ ಅದೇ ಬೆಟ್ಟ. ಅಂಟ್ಕೊಂಡ್ರಾ?"

 ಊಟಕ್ಕೆ ಇಳಿದಿದ್ದವರಲ್ಲಿ ಇಬ್ಬರು ಅವನನ್ನು ಇಳಿಸಲು ನಗುತ್ತ ಮರಕ್ಕೆ ಕೈಹಾಕಿದರು.

"ಮುಟ್ಟಬೇಡ್ರೋ!" ಎಂದು ದೇವಸುಖ ಚೀರಿದ ರಭಸಕ್ಕೆ ಪಕ್ಕದ ಮರದ ಹಕ್ಕಿಗಳು ಹಾರಿದವು. ಆ ಕೂಗಿನ ಕೊನೆ ಸ್ವಲ್ಪ ನಡುಗಿತು. ಅದು ಹುಕುಂ ದಾಸಿಗೆ ಮಾತ್ರ ಕೇಳಿಸಿತು.

"ನಿಲ್ರಪ್ಪಾ," ಎಂದು ಅವಳು ಇಬ್ಬರನ್ನೂ ತಡೆದಳು. "ನೀವು ಹಿಡ್ಕೊಂಡು ಇಳಿಸಿದ್ರೆ ಮುಂದಿನ ವರ್ಷ ಇವ್ರು ನನ್ನ ಪಕ್ಕ ಕೂತು, ಹಾಗೆ ಬಡಿ ಹೀಗೆ ಬಡಿ ಅಂತ ನನ್ನ ಜೀವ ತಿಂತಾರೆ." ಆಮೇಲೆ ಮೇಲೆ ನೋಡಿ, "ಲಾಡಿ ಬಿಚ್ಚಿ!" ಎಂದಳು.

ಮರದ ಮೇಲೆ ಕೊಂಬೆಗಳು ಅಲುಗಾಡಿದವು. ಆಮೇಲೆ, ಮೊಣಕಾಲಿನವರೆಗಿನ ಕೋಟಿನಡಿಯಿಂದ ಎರಡು ಬಿಳಿಚಿದ ಕಾಲುಗಳು ಕೊಂಬೆಯಿಂದ ಕೊಂಬೆಗೆ, ಎಲ್ಲೂ ತಡವರಿಸದೆ ಇಳಿದು ಬಂದವು. ಹೆಂಗಸರು ಮರ್ಯಾದೆಗೆ ಮುಖ ತಿರುಗಿಸಿದರು. ಪೂರ್ತಿ ಅಲ್ಲ.

ನೆಲ ಮುಟ್ಟಿದ ದೇವಸುಖ ಗಲ್ಲ ಎತ್ತಿ ಕೇಳಿದ: "ಯಾರಾದ್ರೂ ಹಿಡ್ಕೊಂಡ್ರಾ?"

ಹೆಂಗಸರ ನಡುವೆ ನಿಂತಿದ್ದ ಯಾಂಗ್ಚೆನ್ ಶಾಲಿನ ತುದಿ ಕಚ್ಚಿ ನಗು ತಡೆದಳು. "ಇಲ್ಲ ಅಜ್ಜಾ. ಮುಂದಿನ ವರ್ಷನೂ ಹತ್ತಿ. ಊಟ ಮಾತ್ರ ಕೆಳಗೆ."

ಅವನು ಗಂಭೀರವಾಗಿ ತಲೆಯಾಡಿಸಿ, ಕೋಲೆತ್ತಿಕೊಂಡು ಮುಂದಿನ ಮರದತ್ತ ಹೊರಟ. ನದಿಯ ಕಡೆಯಿಂದ ಗಾಳಿ ಎದ್ದಿತು.

"ಮೊದಲು ಮನೆಗೆ ಹೋಗ್ರೀ!" ಎಂದು ಹುಕುಂ ದಾಸಿ ಹಿಂದೆಯೇ ಓಡಿದಳು.