ಎಣಿಕೆ ಅಕ್ಕನ ಹೆಸರು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಎಣಿಕೆ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಹೂವಿನ ಪರಾಗದ ಕಣಗಳನ್ನು ಎಣಿಸಿದವಳು. ಬಲಗಣ್ಣಿನ ಸುತ್ತ ಬಳೆಯಿಟ್ಟಂತೆ ಕಪ್ಪು ಕಲೆ ಕೂತುಬಿಟ್ಟಿತ್ತು. ಅವಳ ಎಣಿಕೆಯಿಂದ ಹತ್ತಾರು ಪ್ರಬಂಧಗಳು ಅಚ್ಚಾದವು. ಒಂದರಲ್ಲೂ ಅವಳ ಹೆಸರಿಲ್ಲ. ಒಮ್ಮೆಯಾದರೂ ಅದನ್ನು ಅಚ್ಚಿನಲ್ಲಿ ನೋಡಬೇಕೆಂಬುದೊಂದೇ ಅವಳ ಆಸೆ.

ಕೇಳಿದಾಗಲೆಲ್ಲ ಪ್ರೊಫೆಸರ್ ನಗುತ್ತಿದ್ದರು. "ಅಕ್ಕಾ, ಎಣಿಸಿದೋರೆಲ್ಲ ಲೇಖಕರಾದ್ರೆ ಬಸ್ ಕಂಡಕ್ಟರೂ ವಿಜ್ಞಾನಿ ಆಗ್ಬೇಕಲ್ಲ!"

ಈ ವರ್ಷ ಎಣಿಸುವುದೂ ಬರೆಯುವುದೂ ಎಐ ಪಾಲಾಯಿತು. ಅದರ ಕೆಲಸವನ್ನು ಮನುಷ್ಯರು ಪರೀಕ್ಷಿಸಿ ಹೊಣೆ ಹೊರಬೇಕೆಂದು ಪ್ರಬಂಧ ಅಚ್ಚುಮಾಡುವ ಪತ್ರಿಕೆಯವರ ನಿಯಮ. ಆ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿದರು. ಎರಡನೇ ದಿನವೇ ಅವಳು ತಪ್ಪು ಹಿಡಿದಳು.

"ಸಾರ್, ಇದು ಗಾಳಿಗುಳ್ಳೆನೂ ಪರಾಗ ಅಂತ ಎಣಿಸಿದೆ. ನಲವತ್ತೊಂದು ಚಿತ್ರದಲ್ಲಿ. ನೋಟ್‌ಬುಕ್ಕಲ್ಲಿ ತಾರೀಖು ಹಾಕಿ ಬರ್ದಿದೀನಿ."

ತಿದ್ದಿದರೆ ಪ್ರಬಂಧವೇ ನೆಲಕಚ್ಚುತ್ತಿತ್ತು. ಪ್ರೊಫೆಸರ್ ದನಿ ಬೆಣ್ಣೆಯಾಯಿತು. "ಈ ಸಲ ನಿಮ್ಮ ಹೆಸರು ಹಾಕೋಣ ಅಕ್ಕಾ. ನೋಟ್‌ಬುಕ್ ನನ್ನ ಹತ್ರ ಇರ್ಲಿ, ನಾನು ನೋಡ್ಕೋತೀನಿ. ಇಲ್ಲೊಂದು ಸಹಿ ಹಾಕಿ."

ಹಾಳೆ ಇಂಗ್ಲಿಷಿನಲ್ಲಿತ್ತು. ಅವಳಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದು ತನ್ನ ಹೆಸರೊಂದೇ. ಅಷ್ಟು ಸಾಕಾಯಿತು.

ಪ್ರಬಂಧ ಅಚ್ಚಾಯಿತು. ಎಐ ಹೆಸರು ಆವೃತ್ತಿಯ ಸಂಖ್ಯೆ ಸಮೇತ ಬಂತು. ಅದನ್ನು ಹೇಳಲೇಬೇಕೆಂಬ ನಿಯಮವಿತ್ತು. ಅಕ್ಕನ ಹೆಸರು ಹೇಳಬೇಕೆಂಬ ನಿಯಮವಿರಲಿಲ್ಲ. "ಮುಂದಿನ ಸಲ ಖಂಡಿತ," ಎಂದರು ಪ್ರೊಫೆಸರ್.

ಐದು ತಿಂಗಳ ಮೇಲೆ ಬೇರೆ ಊರಿನವರು ಅದೇ ಚಿತ್ರಗಳನ್ನು ಎಣಿಸಿ ನೋಡಿ ದೂರು ಕೊಟ್ಟರು. ಒಂದು ಮಧ್ಯಾಹ್ನ ಜವಾನ ಅಕ್ಕನ ಕೈಗೆ ಅಚ್ಚಾದ ಪುಟವೊಂದನ್ನು ಕೊಟ್ಟ. ನೋಡುತ್ತಾಳೆ, ನಡುವೆ ಅವಳ ಹೆಸರು! ಚಪ್ಪಲಿ ಮೆಟ್ಟುವುದನ್ನೂ ಮರೆತು ಮನೆಗೆ ಓಡಿದಳು. ಮಗಳು ಕೂಸಿಗೆ ಅನ್ನ ಕಲಸುತ್ತಿದ್ದಳು.

"ಓದೇ, ನನ್ನ ಹೆಸ್ರು! ನಿಧಾನಕ್ಕೆ ಓದು."

ಮಗಳು ಮನಸ್ಸಿನಲ್ಲೇ ಓದಿಕೊಂಡಳು. ಕಲಸುತ್ತಿದ್ದ ಕೈ ನಿಂತಿತು.

"ಬಾಯಿ ಹೊಲಿದಿದಾರಾ? ಜೋರಾಗಿ ಓದೇ."

ಮಗಳು ಇಂಗ್ಲಿಷನ್ನು ಕನ್ನಡ ಮಾಡುತ್ತಾ ಓದಿದಳು. "'ಈ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಗಿದೆ. ಎಐ ಎಣಿಕೆ ಸರಿಯಿದೆಯೆಂದು ಸಹಿ ಮಾಡಿದ ಸಹಾಯಕಿಯೇ ತಪ್ಪಿಗೆ ಹೊಣೆ. ನಾವು ನಂಬಿ ಕೆಟ್ಟೆವು.' ತಪ್ಪು ಅಂದ ಕಡೆಯೆಲ್ಲ ನಿನ್ನ ಹೆಸರೇ ಹಾಕಿದಾರೆ. ಕೆಳಗೆ ಪ್ರೊಫೆಸರ್ ಸಹಿ. ಹಿಂದೆ ಪಿನ್ ಹಾಕಿರೋ ಚೀಟೀಲಿ, ನಾಳೆಯಿಂದ ಕೆಲಸಕ್ಕೆ ಬರ್ಬೇಡಿ ಅಂತ." ಮಗಳು ಅನ್ನದ ತಟ್ಟೆ ಸರಿಸಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಲ್ಲಮ್ಮ! ನಿನ್ನ ನೋಟ್‌ಬುಕ್ ಎಲ್ಲಿ?"

"ಅವ್ರ ಹತ್ರ."

ಆಗಲೇ ಮಗಳು ಪ್ರೊಫೆಸರಿಗೆ ಫೋನ್ ಮಾಡಿದಳು. "ಯಾವ ನೋಟ್‌ಬುಕ್ಕಮ್ಮ?" ಎಂದು ಕೇಳಿ ಪ್ರೊಫೆಸರ್ ಇಟ್ಟುಬಿಟ್ಟರು.

ಅಕ್ಕ ಪುಟವನ್ನು ಬಲಗಣ್ಣಿನ ಹತ್ತಿರ ತಂದು, ತನ್ನ ಹೆಸರಿದ್ದಲ್ಲೆಲ್ಲ ಬೆರಳಿಟ್ಟುಕೊಂಡು ಹೋದಳು.

"ಮೂರು," ಎಂದಳು. "ನೀನೂ ಒಂದ್ಸಲ ಎಣಿಸಿ ನೋಡು."