ಏಳನೇ ನಂಬರಿನ ಅಂಗಿ ತರಲು ಮಾನ್ವಿಗೆ

ರಾಯಚೂರಿನಿಂದ ದೇವದುರ್ಗಕ್ಕೆ ಬೆಳಗಿನ ಬಸ್ಸು ಆರೂಕಾಲಿಗೆ ಹೊರಟಿತು. ಟಿಕೆಟ್ಟು ಐದೂವರೆ ರೂಪಾಯಿ. ಎಂಬತ್ತರ ದಶಕದ ನಡುವಿನ ಒಂದು ಜನವರಿ, ಭಾನುವಾರ. ನನ್ನ ಚೀಲದಲ್ಲಿ ಪಾವು ಕಿಲೊ ಸಕ್ಕರೆಯ ಪೊಟ್ಟಣವೂ, ನಾನೇ ಬರೆದು ಅಪ್ಪ ಸಹಿ ಮಾಡಿದ ಒಂದು ಬಿಡುಗಡೆ ಪತ್ರವೂ ಇದ್ದವು.

ಅಪ್ಪ ನಮ್ಮ ಓಣಿಯ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಕ್ಲಬ್ಬಿನದೊಂದು ಹಳೆಯ ಪದ್ಧತಿಯಿದೆ. ಆಟಗಾರನೊಬ್ಬ ಬೇರೆ ತಂಡಕ್ಕೆ ಹೋಗುವಾಗ ಎರಡೂ ತಂಡಗಳು ಮೂರನೆಯ ಊರೊಂದರಲ್ಲಿ ಒಂದು ಪಂದ್ಯ ಆಡುತ್ತವೆ. ಮೊದಲರ್ಧ ಅವನು ನಮ್ಮವನು, ಎರಡನೆಯ ಅರ್ಧ ಅವರವನು. ನಡುವಿನ ವಿರಾಮದಲ್ಲಿ ಅವನು ಅಂಗಿ ಬಿಚ್ಚಿ ಕೊಡಬೇಕು, ಕಾರ್ಯದರ್ಶಿ ಬಿಡುಗಡೆಯ ಚೀಟಿ ಕೊಡಬೇಕು. ಅಂದು ಬೆಳಗ್ಗೆ ಅವನ ಮನೆಗೆ ಸಕ್ಕರೆ ಒಯ್ದು ಹಿರಿಯರನ್ನು ಆಟಕ್ಕೆ ಕರೆಯುವುದೂ ಕಾರ್ಯದರ್ಶಿಯದೇ ಕೆಲಸ. ಕಾರ್ಯದರ್ಶಿಗೆ ಆಗದಿದ್ದರೆ ಅವರ ಮನೆಯವರು ಮಾಡಬೇಕು. ಅಪ್ಪ ಸೈಕಲ್ಲಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಮನೆಯವರೆಂದರೆ ನಾನೊಬ್ಬಳೇ.

ಬಿಟ್ಟು ಹೋಗುತ್ತಿದ್ದವನು ದೇವದುರ್ಗದ ಖಾಜಾ, ಏಳನೇ ನಂಬರು. ಶಕ್ತಿನಗರದಲ್ಲಿ ಅವನಿಗೆ ನೌಕರಿ ಸಿಕ್ಕಿತ್ತು. ಅಲ್ಲಿಯ ತಂಡಕ್ಕೆ ಆಡಬೇಕೆಂಬ ಮಾತಾಗಿತ್ತು. ನಮ್ಮ ಚೀಟಿಯಿಲ್ಲದೆ ಅವನು ಆ ತಂಡಕ್ಕೆ ಸೇರುವಂತಿರಲಿಲ್ಲ.

ನಾಲ್ಕು ವರ್ಷ ನಾನು ಅವನ ಆಟ ನೋಡಿದ್ದೆ. ಕಾಲೇಜಿನ ಗ್ರಂಥಾಲಯದ ಮಾಳಿಗೆಯ ಕಿಟಕಿಯಿಂದ, ಮುಚ್ಚಿದ ಗಾಜಿನ ಹಿಂದೆ, ಎದುರಿಗೊಂದು ಪುಸ್ತಕ ತೆರೆದಿಟ್ಟುಕೊಂಡು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನೊಡನೆ ಒಂದು ಮಾತೂ ಆಡಿರಲಿಲ್ಲ. ಆಡುವ ಆಸೆಯೂ ಇರಲಿಲ್ಲ. ಬಲಗಡೆಯ ಗೆರೆಗುಂಟ ಓಡಿ ಬಂದು ಅವನು ತಟ್ಟನೆ ನಿಂತುಬಿಡುತ್ತಿದ್ದ. ಬೆನ್ನಟ್ಟಿದವನು ನಿಲ್ಲಲಾಗದೆ ದಾಟಿ ಹೋಗುತ್ತಿದ್ದ. ಆಮೇಲೆ ನಿಧಾನವಾಗಿ ಚೆಂಡು ಗೋಲಿನತ್ತ. ನನಗೆ ಬೇಕಾದದ್ದು ಆ ನಿಲ್ಲುವಿಕೆ; ವಾರವಿಡೀ ಅದಕ್ಕೆ ಕಾಯುತ್ತಿದ್ದೆ. ಬಿಡುಗಡೆ ಪತ್ರ ಬರೆಯುವಾಗ ಎರಡು ಹಾಳೆ ಕೆಡಿಸಿದೆ.

ಗಬ್ಬೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ರಸ್ತೆಯ ಎರಡೂ ಕಡೆ ಎರೆಹೊಲ, ತೆನೆ ಬಿಟ್ಟ ಬಿಳಿಜೋಳ. ಚೀಟಿಯನ್ನು ಹೊರತೆಗೆದು ಮತ್ತೆ ಓದಿದೆ. ಕಿಟಕಿಯ ಗಾಳಿಗೆ ಇದು ಹಾರಿಹೋದರೆ ಯಾರ ತಪ್ಪೂ ಆಗುವುದಿಲ್ಲ ಎಂಬ ಯೋಚನೆ ಬಂತು. ಕೂಡಲೇ ಒಳಗಿಟ್ಟು ಚೀಲದ ಬಾಯಿ ಕಟ್ಟಿದೆ.

ಖಾಜಾನ ತಾಯಿ ಮಹಬೂಬ್‌ಬಿಯವರದು ದೇವದುರ್ಗದ ಪೇಟೆಯಲ್ಲಿ ಬಳೆ ಅಂಗಡಿ. ಮಗ ಹಿಂದಿನ ದಿನವೇ ತಂಡದೊಡನೆ ಪಂದ್ಯದ ಊರಾದ ಮಾನ್ವಿಗೆ ಹೋಗಿದ್ದ.

"ಸೆಕ್ರೆಟ್ರಿ ಸಾಹೇಬ್ರ ಮಗಳೇನ್ರಿ? ಬರ್ರಿ ಬೇಟಿ, ಕುಂದರ್ರಿ. ಚೆಂಡು ಒದಿಯೋರ ಕಾಲು ಗಟ್ಟಿ ಅದಾವ, ಕಾಗದ ಬರಿಯೋರ ಕಾಲು ಮುರದದ ನೋಡ್ರಿ!"

ಸಕ್ಕರೆ ಕೊಟ್ಟೆ. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನನ್ನ ಕೈ ಎಳೆದು ನೋಡಿದರು. ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ. "ಸಕ್ಕರಿ ತಂದವ್ರು ಬರಿಗೈಲೆ ಹೋಗಬಾರದು," ಎಂದು ಬೇಡವೆಂದರೂ ಕೇಳದೆ ಎರಡೂ ಕೈಗೆ ಹಸಿರು ಗಾಜಿನ ಬಳೆ ಏರಿಸಿದರು.

"ನೀವೂ ಆಟ ನೋಡ್ತೀರೇನ್ರಿ?"

"ಇಲ್ರಿ. ಅಪ್ಪಾರ ಸಲುವಾಗಿ ಬಂದೀನಿ."

"ಚೀಟಿ ತಂದೀರಿ ಹೌದಲ್ರಿ? ಅದಿಲ್ಲಂದ್ರ ನೌಕರಿ ಇಲ್ಲಂತ. ರಾತ್ರೆಲ್ಲ ನನಗ ನಿದ್ದಿ ಹತ್ತಿಲ್ಲ."

"ತಂದೀನ್ರಿ," ಎಂದೆ. ಗಬ್ಬೂರಿನ ಯೋಚನೆ ನೆನಪಾಗಿ ತಲೆ ತಗ್ಗಿಸಿದೆ.

ಇಬ್ಬರೂ ಸಿರವಾರದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿ ಒಂದು ತಾಸು ಕಾಯಬೇಕಾಯಿತು. ಒಗ್ಗಾಣಿ, ಮಿರ್ಚಿ ತಿಂದೆವು. ಸಿರವಾರ ದಾಟಿದರೆ ಕಾಲುವೆ, ಭತ್ತದ ಗದ್ದೆ, ಗಾಳಿಯಲ್ಲಿ ತೇವ. ಒಂದೇ ಜಿಲ್ಲೆ ಎನ್ನುವುದು ಕಷ್ಟ. ಮಾನ್ವಿ ಮುಟ್ಟಿದಾಗ ಮೂರು ಗಂಟೆ.

ಶಾಲೆಯ ಮೈದಾನದಲ್ಲಿ ನಮ್ಮ ಓಣಿಯವರು ಎರಡು ಲಾರಿಯಲ್ಲಿ ಬಂದಿಳಿದಿದ್ದರು. ನಾವು ಅವರ ನಡುವೆಯೇ ಬೆಂಚಿನ ಮೇಲೆ ಕುಳಿತೆವು. ಆಟ ಶುರುವಾದೊಡನೆ ನಾನು ಬೆಚ್ಚಿದೆ. ಚೆಂಡಿಗೆ ಕಾಲು ತಾಗುವ ಸದ್ದು ಅಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಗಾಜಿನ ಹಿಂದಿದ್ದವಳಿಗೆ ಅದು ಒಮ್ಮೆಯೂ ಕೇಳಿಸಿರಲಿಲ್ಲ. ಇಪ್ಪತ್ತನೇ ನಿಮಿಷಕ್ಕೆ ಖಾಜಾ ನಮ್ಮ ಪರ ಒಂದು ಗೋಲು ಹೊಡೆದ. ಜನ ಕುಣಿದರು. ನಾನು ಅಭ್ಯಾಸದಂತೆ ಕೈ ಕಟ್ಟಿ ಕುಳಿತಿದ್ದೆ.

ವಿರಾಮದ ಸೀಟಿ ಮೊಳಗಿತು. ಚೀಟಿ ಹಿಡಿದು ಗೆರೆಯ ತನಕ ನಡೆದೆ. ಹಿಂದಿನಿಂದ ಕೂಗು ಎದ್ದಿತು.

"ಅಕ್ಕಾರ, ಕೊಡಬ್ಯಾಡ್ರಿ!"

"ಹರದು ಒಗೀರಿ ಅಕ್ಕಾ!"

"ನಿಮ್ಮಪ್ಪಾರ ಬಂದಿದ್ರ ಚೀಟಿ ಮನ್ಯಾಗ ಮರ್ತು ಬರ್ತಿದ್ರು!"

ಖಾಜಾ ಬನಿಯನ್ನಿನಲ್ಲಿ ಬಂದ. ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಬಾಳ ಬೆವತದ್ರಿ ಮೇಡಂ, ನಿಮ್ಮ ಕೈ ಹೊಲಸಾದೀತು."

"ಇರ್ಲಿ," ಎಂದು ಅಂಗಿ ತೆಗೆದುಕೊಂಡೆ. ಚೀಟಿ ಚಾಚಿದೆ. ಅವನು ಹಿಡಿದ. ನನ್ನ ಬೆರಳು ಸಡಿಲವಾಗಲಿಲ್ಲ. ಅವನು ಎಳೆಯಲಿಲ್ಲ, ಗೆರೆಯ ಮೇಲೆ ನಿಲ್ಲುತ್ತಿದ್ದಂತೆಯೇ ಸುಮ್ಮನೆ ನಿಂತ. ನಾಲ್ಕು ವರ್ಷ ದೂರದಿಂದ ಕಂಡದ್ದು ಈಗ ಒಂದು ಮಾರು ದೂರದಲ್ಲಿತ್ತು. ಬಿಟ್ಟೆ.

ಎರಡನೆಯ ಅರ್ಧದಲ್ಲಿ ಅವನು ಅವರ ಹಳದಿ ಅಂಗಿಯಲ್ಲಿದ್ದ. ಕೊನೆಗೆ ಐದು ನಿಮಿಷ ಉಳಿದಿರುವಾಗ ಗೆರೆಗುಂಟ ಓಡಿ ಬಂದ, ನಿಂತ. ಆ ಉಪಾಯ ಚೆನ್ನಾಗಿ ಗೊತ್ತಿದ್ದ ನಮ್ಮ ಆಟಗಾರನೂ ದಾಟಿ ಹೋದ. ಚೆಂಡು ನಮ್ಮ ಬಲೆಯಲ್ಲಿತ್ತು. ನಮ್ಮ ಕಡೆ ಒಬ್ಬರೂ ಉಸಿರೆತ್ತಲಿಲ್ಲ. ಆ ಮೌನದಲ್ಲಿ ಬಳೆಗಳ ಸದ್ದು ಕೇಳಿಸಿತು. ಚಪ್ಪಾಳೆ ತಟ್ಟುತ್ತಿದ್ದವಳು ನಾನು.

ಮುಂದಿನ ಸಾಲಿನವರು ತಿರುಗಿ ದುರುಗುಟ್ಟಿದರು. ನಮ್ಮವರ ನಡುವೆ ಕುಳಿತ ಮುಲಾಜಿಗೆ ಕೈ ಬಿಗಿಹಿಡಿದಿದ್ದ ಮಹಬೂಬ್‌ಬಿ ನನ್ನ ಕಿವಿಯ ಹತ್ತಿರ ಬಗ್ಗಿದರು. "ಅಪ್ಪಾರ ಸಲುವಾಗಿ ಬಂದೀನಿ ಅಂದ್ರಲ್ರಿ, ಬೇಟಿ?" ಅವರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ತಾವೂ ತಟ್ಟಿದರು.

ಆರು ಗಂಟೆಯ ಬಸ್ಸಿಗೆ ಹೊರಟೆ. ಅಂಗಿಯನ್ನು ವೃತ್ತಪತ್ರಿಕೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ, ಕಾಗದ ಒದ್ದೆಯಾಗಿತ್ತು. ತಿರುಗಿ ನೋಡಿದಾಗ ತಾಯಿ ಮಗ ದೇವದುರ್ಗದ ಕಡೆಯ ಬಸ್ಸಿಗೆ ಕಾಯುತ್ತ ಒಂದೇ ಬಾಳೆಹಣ್ಣನ್ನು ಹಂಚಿಕೊಂಡು ತಿನ್ನುತ್ತಿದ್ದರು.

ಮನೆಯಲ್ಲಿ ಅಪ್ಪ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕಾಯುತ್ತಿದ್ದರು.

"ಚೀಟಿ ಕೊಟ್ಟೇನವಾ?"

"ಕೊಟ್ಟೆ."

"ಆಟ ಏನಾತು?"

"ಒಂದೊಂದು. ಎರಡೂ ಖಾಜಾನೇ ಹೊಡದ."

ಅಪ್ಪ ಜೋರಾಗಿ ನಕ್ಕರು. "ಹಂಗಾದ್ರ ಉಳದ ಇಪ್ಪತ್ತೊಂದು ಮಂದಿ ಏನ್ ಮಾಡಾಕತ್ತಿದ್ರು?"

"ನೋಡಾಕತ್ತಿದ್ರು. ನನ್ನಂಗ."

ಅವರು ಬಳೆಗಳನ್ನು ನೋಡಿದರು. ಅಂಗಿಯನ್ನು ಬಿಚ್ಚಿ ಏಳನ್ನು ಅಂಗೈಯಿಂದ ಸವರಿ ನನಗೇ ವಾಪಸು ಕೊಟ್ಟರು.

"ಒಗದು ಹಾಕು, ಬರೋ ಐತವಾರ ಯಾರಿಗರೆ ಬೇಕಾಗ್ತದ. ನೀನೂ ಮೈದಾನಕ್ಕ ಬಾ. ಆ ಲೈಬ್ರರಿ ಕಿಟಕ್ಯಾಗಿಂದ ಎಡಗಡೆ ಗೋಲು ಕಾಣಂಗಿಲ್ಲ."

ಕಾಣುವುದಿಲ್ಲ, ನಿಜ. ನಡುವೆ ಒಂದು ಬೇವಿನ ಮರ ಅಡ್ಡವಿದೆ.