ತಳ್ಳಿದರೆ ಹೊರಡುವ ಜೀಪು

ಎರಡು ಹಳೆಯ ಜೀಪುಗಳಲ್ಲಿ ಹೆಚ್ಚು ಹಳೆಯದನ್ನೇ ಕೊಂಡೆನೆಂದು ನನ್ನನ್ನು ಪೆದ್ದ ಎನ್ನುವವರು ಇಂದಿಗೂ ಇದ್ದಾರೆ. ಅದು ಸುಳ್ಳೆಂದು ವಾದಿಸುವ ಧೈರ್ಯ ನನಗಿಲ್ಲ. ಆದರೆ ಆ ಸಲದ ಪೆದ್ದತನಕ್ಕೆ ಒಂದು ಕಾರಣವಿತ್ತು.

ಎಂಬತ್ತರ ದಶಕದ ಮಾತು. ಕಾಟನ್‌ಪೇಟೆಯ ವಠಾರ ಬಿಟ್ಟು ಬಸವೇಶ್ವರನಗರದಲ್ಲಿ ಆಗತಾನೇ ಮನೆ ಕಟ್ಟಿಸಿದ್ದೆವು. ನನ್ನದು ಜಮೀನು ಅಳೆಯುವ ಕಸುಬು. ಸುಂಕದಕಟ್ಟೆಯಾಚೆಯ ಮಣ್ಣುದಾರಿಗೆ ಜೀಪೊಂದು ಬೇಕಿತ್ತು. ಹೆಂಡತಿ ಕಮಲಳಿಗೆ ಬೇಕಿದ್ದದ್ದು ಮಾತಿಗೆ ಜನ. ವಠಾರದಲ್ಲಿ ಒಗ್ಗರಣೆ ಸಿಡಿದರೆ ಸಾಕು, ನಾಲ್ಕು ಮನೆಯವರು “ಏನ್ರೀ ಸಾರು?” ಎನ್ನುತ್ತಿದ್ದರು. ಇಲ್ಲಿ ಮನೆಗೊಂದು ಗೇಟು, ಗೇಟಿಗೊಂದು ಚಿಲಕ. “ಉಸಿರು ಕಟ್ಟುತ್ತೆ ಕಣ್ರೀ, ವಠಾರಕ್ಕೇ ವಾಪಸ್ ಹೋಗೋಣ” ಎಂದು ಅವಳು ಅತ್ತ ದಿನ ನನಗೂ ಊಟ ಸೇರಲಿಲ್ಲ.

ದಲ್ಲಾಳಿ ಎರಡು ಜೀಪುಗಳನ್ನೂ ಒಂದೊಂದು ದಿನ ಓಡಿಸಿ ನೋಡಲು ಬಿಟ್ಟ. ನಾಲ್ಕು ವರ್ಷದ್ದು ಕೀಲಿ ತಿರುಗಿಸಿದೊಡನೆ ಹೊರಟಿತು, ಸಂಜೆ ತೆಪ್ಪಗೆ ಬಂದು ನಿಂತಿತು. ಬೀದಿಯಲ್ಲಿ ಒಂದು ನಾಯಿಯೂ ತಿರುಗಿ ನೋಡಲಿಲ್ಲ.

ಮರುದಿನ ಇಪ್ಪತ್ತು ವರ್ಷದ ಮುದುಕನ ಸರದಿ. ಎಷ್ಟು ತಿರುಗಿಸಿದರೂ ಕೆಮ್ಮಿತು, ಅಷ್ಟೆ. ಎದುರುಮನೆಯ ಮೇಷ್ಟ್ರು ಪಂಚೆ ಎತ್ತಿಕಟ್ಟಿ ಬಂದರು. “ಸೆಕೆಂಡ್ ಗೇರಲ್ಲಿ ಹಾಕ್ಕೊಳ್ಳಿ ಸಾರ್, ತಳ್ತೀವಿ!” ಹಿಂದೆಯೇ ಅವರ ಹೆಂಡತಿ, ಪಕ್ಕದ ಮನೆಯವರು, ಆಚೆ ಮನೆಯವರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ಹೊರೆ ಎನ್ನುತ್ತಾರೆ. ಒಬ್ಬನ ಹೊರೆ ಹತ್ತು ಜನರಿಗೆ ಹುಲ್ಲುಕಡ್ಡಿಯೆಂದು ನನಗೆ ಅಂದು ತಿಳಿಯಿತು. ಸಂಜೆ ಬಂದು ನೋಡಿದರೆ ನಮ್ಮ ಜಗಲಿಯ ಮೇಲೆ ಮೂವರು ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು, ನಡುವೆ ಕಮಲ ನಗುತ್ತಿದ್ದಳು. ಅಬ್ಬಾ, ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು!

ಮೆಕ್ಯಾನಿಕ್ ಬೇಡ ಬೇಡವೆಂದರೂ ಮುದುಕನನ್ನೇ ಇಟ್ಟುಕೊಂಡೆ. ದಿನಾ ಬೆಳಿಗ್ಗೆ ತಳ್ಳಾಟ, ಆಮೇಲೆ ಎಲ್ಲರಿಗೂ ಕಮಲಳ ಕಾಫಿ. ವಠಾರದ ಮಾತು ಅವಳು ಮತ್ತೆ ಎತ್ತಲಿಲ್ಲ. ಕಷ್ಟವೆಲ್ಲ ನನಗೇ. ಹೋದಲ್ಲೆಲ್ಲ ಇಳಿಜಾರು ಹುಡುಕಿ ಜೀಪು ನಿಲ್ಲಿಸಬೇಕು. ಜಮೀನಿನಲ್ಲಿ ತಳ್ಳುವವರು ಯಾರಿದ್ದಾರೆ? ಆರು ತಿಂಗಳಿಗೆ ಸಾಕಾಗಿ, ಯಾರಿಗೂ ಹೇಳದೆ ಹೊಸ ಬ್ಯಾಟರಿ ಹಾಕಿಸಿದೆ.

ಮರುದಿನ ಮೊದಲ ತಿರುವಿಗೇ ಇಂಜಿನ್ ಗುಡುಗಿತು. ಪಂಚೆ ಎತ್ತಿಕಟ್ಟಿ ಅರ್ಧ ರಸ್ತೆ ದಾಟಿದ್ದ ಮೇಷ್ಟ್ರು ಅಲ್ಲೇ ನಿಂತರು. “ಓ, ಸರಿಹೋಯ್ತಾ ಸಾರ್? ಒಳ್ಳೇದಾಯ್ತು ಬಿಡಿ” ಎಂದು ಪಂಚೆ ಇಳಿಬಿಟ್ಟರು. ಬಾಗಿಲಲ್ಲಿ ಕಮಲ, ಕೈಯಲ್ಲಿ ಆರು ಲೋಟದ ತಟ್ಟೆ.

ನಾನು ಮೆಲ್ಲಗೆ ಕೀಲಿ ಹಿಂದಕ್ಕೆ ತಿರುಗಿಸಿದೆ.

“ಎಲ್ಲಿ ಸರಿಹೋಯ್ತು ಮೇಷ್ಟ್ರೇ, ನೋಡಿ, ಮತ್ತೆ ನಿಂತೇ ಹೋಯ್ತು. ಒಂಚೂರು ಕೈ ಹಾಕ್ತೀರಾ?”